ಜೂಕ್ ಮನೆಯ ಮಿಂದಾ

ರೆಂಟಿ ತೀರಿಕೊಂಡದ್ದು ಗುರುವಾರ ಬೆಳಿಗ್ಗೆ, ಉಬ್ಬರದ ನೀರು ಇಳಿಯತೊಡಗಿದ ಹೊತ್ತಿಗೆ. ಊಟದ ಹೊತ್ತಿನೊಳಗೆ ಪ್ರಾರ್ಥನೆ ಮನೆ ನಡೆಸುವ ಡೀಕನ್ ಪ್ರಿನ್ಸ್ ಮಂಗಿನ್ ಹೇಳಿ ಕಳುಹಿಸಿದ: ಅಲ್ಲಿನ ಸ್ಮಶಾನದಲ್ಲಿ ರೆಂಟಿಗೆ ಜಾಗವಿಲ್ಲ.

ಸುದ್ದಿ ತಂದವಳು ಹೆಸ್ಟರ್. ಸಿಂಪಿ ಕಾರ್ಖಾನೆಯಲ್ಲಿ ಮಿಂದಾಳ ಪಕ್ಕದಲ್ಲೇ ನಿಂತು ಹದಿನೈದು ವರ್ಷ ಸಿಂಪಿ ಬಿಡಿಸಿದವಳು. ಬಾಗಿಲಲ್ಲೇ ನಿಂತಳು. ಮಿಂದಾ ಅಣ್ಣನ ಮೈ ತೊಳೆಯುತ್ತಿದ್ದಳು.

"ಏನಂದ?"

"ಜೂಕ್ ಮನೇಲಿ ಪಿಯಾನೊ ಬಾರಿಸ್ಕೊಂಡೇ ಸತ್ತೋನು, ನಮ್ ನೆಲಕ್ಕೆ ಬರೋ ಹಂಗಿಲ್ಲ ಅಂದ. ನಾ ಹೇಳಿದ್ದಲ್ಲ ಕಣವ್ವ, ಅವ್ನು ಹೇಳಿದ್ದು. ನನ್ ಮೇಲೆ ರೇಗ್ಬೇಡ."

"ನಿನ್ ಮೇಲೆ ಯಾಕೆ ರೇಗ್ಲಿ? ಆ ಬಟ್ಟೆ ಕೊಡು ಇತ್ಲಾಗೆ."

ಹೆಸ್ಟರ್ ಬಟ್ಟೆ ಕೊಟ್ಟಳು. ನೆಲ ನೋಡುತ್ತ ಅಂದಳು: "ಸೇತುವೆ ಆಚೆ ಪೇಟೆಯೋರ ಜಾಗ ಒಂದೈತಂತೆ. ದಿಕ್ಕಿಲ್ಲದೋರಿಗೆ."

ಮಿಂದಾ ಕೈ ನಿಲ್ಲಿಸಲಿಲ್ಲ. ರೆಂಟಿಯ ಎಡಗೈಯ ಒಂದೊಂದೇ ಬೆರಳನ್ನು ಬಿಡಿಸಿ ಒರೆಸಿದಳು. ಈ ಕೈಯನ್ನು ಪರಕೀಯರ ಮರಳಿನಲ್ಲಿ, ಹೆಸರಿಲ್ಲದವರ ನಡುವೆ, ನೀರಿನ ಸದ್ದೂ ಕೇಳದ ಕಡೆ ಇಡಬೇಕೆ? ಸೇಂಟ್ ಆಂಬ್ರೋಸ್ ದ್ವೀಪದವರು ಎಲ್ಲಿಗೆ ದುಡಿಯಲು ಹೋಗಿ ಸತ್ತರೂ ಹೆಣವಾದರೂ ಊರಿಗೆ ಬರುತ್ತದೆ, ರೈಲಿನಲ್ಲೋ ದೋಣಿಯಲ್ಲೋ. ತನ್ನವರ ಪಕ್ಕ ಮಲಗದ ಸತ್ತವನು ಮಲಗುವುದೇ ಇಲ್ಲ, ಅಲೆಯುತ್ತಾನೆ. ಅವಳ ತಾಯಿ ಇರುವುದು ಪ್ರಾರ್ಥನೆ ಮನೆಯ ಹಿಂದಿನ ಓಕ್ ಮರದ ಕೆಳಗೆ. ತಾಯಿಯ ಬಲಕ್ಕೆ ಒಂದು ಮೊಳ ಬಿಟ್ಟು ರೆಂಟಿಗೆಂದು ಮಿಂದಾ ಎಂದೋ ನಾಲ್ಕು ಶಂಖ ಹುಗಿದು ಗುರುತು ಮಾಡಿಟ್ಟಿದ್ದಳು.

"ನಾಳೆ ಸಂಜೆಯೊಳಗೆ ತೀರ್ಮಾನ ಆಗ್ಬೇಕು. ಜುಲೈ ಬಿಸಿಲು, ಶನಿವಾರ ದಾಟಿಸೋ ಹಂಗಿಲ್ಲ," ಎಂದಳು ಹೆಸ್ಟರ್.

"ಆಗುತ್ತೆ."

"ಬೇಡ್ಕೋ. ಸ್ವಲ್ಪ ತಗ್ಗಿ ಮಾತಾಡು. ನಿನ್ ಬಾಯಿ ಗೊತ್ತು ನಂಗೆ."

ಮಿಂದಾಳ ಕಣ್ಣು ಹಾಸಿಗೆಯ ಪಕ್ಕದ ಪೆಟ್ಟಿಗೆಯ ಮೇಲಿತ್ತು. ಅಲ್ಲಿ ರೆಂಟಿಯ ಕನ್ನಡಕ, ಬಟ್ಟಲು, ಕೆಮ್ಮಿನ ಔಷಧದ ಸೀಸೆ, ಆ ಸೀಸೆಗೆ ಸುತ್ತಿಕೊಟ್ಟಿದ್ದ ಪೇಪರಿನ ಹಾಳೆ ಇದ್ದವು. ಹಾಳೆಯ ನಡುವಿನ ಚಿತ್ರದಲ್ಲಿ ಟೋಪಿ ಹಾಕಿಕೊಂಡು, ಎದೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದವನು ಪ್ರಿನ್ಸ್ ಮಂಗಿನ್.

*

ಅವಳ ಬರೆಯುವ ಹೆಸರು ಫಿಲೊಮಿನಾ ಗ್ಯಾಡ್ಸನ್. ಅದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ತೊಟ್ಟಿಲ ಹೆಸರು ಮಿಂದಾ. ದ್ವೀಪದಲ್ಲಿ ಎಲ್ಲರಿಗೂ ತೊಟ್ಟಿಲ ಹೆಸರೇ ಹೆಸರು. ಐದು ವರ್ಷದವಳಿದ್ದಾಗ ದೊಡ್ಡ ಬಿರುಗಾಳಿ ಬಂದು ಸಮುದ್ರ ಹೊಲಗಳ ಮೇಲೆ ನಡೆದು ಹೋಯಿತು. ತಾಯಿ ಅವಳನ್ನೂ ಒಂಬತ್ತು ವರ್ಷದ ರೆಂಟಿಯನ್ನೂ ಓಕ್ ಮರಕ್ಕೆ ಹತ್ತಿಸಿ ಉದ್ದನೆಯ ಹಾಸಿಗೆ ಬಟ್ಟೆಯಿಂದ ಕೊಂಬೆಗೆ ಕಟ್ಟಿದಳು. ಅದೇ ಮರದ ಇನ್ನೊಂದು ಕೊಂಬೆಯಲ್ಲಿ ಪ್ರಿನ್ಸ್ ಮತ್ತು ಅವನ ತಾಯಿ ಇದ್ದರು. ಮಿಕ್ಕ ಇಬ್ಬರು ಮಕ್ಕಳು ಹೆದರದಿರಲೆಂದು ರೆಂಟಿ ಹಿಮ್ಮಡಿಯಿಂದ ಮರದ ಬೊಡ್ಡೆಗೆ ಬಡಿಯುತ್ತ ಹಾಡಿದನಂತೆ. ಮಿಂದಾಳಿಗೆ ಗಾಳಿ ನೆನಪಿಲ್ಲ. ಆ ಬಡಿತ ನೆನಪಿದೆ.

ರೆಂಟಿ ಬೆಳೆದು ಪ್ರಾರ್ಥನೆ ಮನೆಯ ಕೋಲಿನವನಾದ. ವಾರಕ್ಕೆ ಮೂರು ಸಂಜೆ ಅಲ್ಲಿ ಸುತ್ತು ನಡೆಯುತ್ತದೆ. ಬೆಂಚುಗಳನ್ನು ಗೋಡೆಗೆ ಸರಿಸಿ, ಜನ ದುಂಡಗೆ ಪಾದ ಜಾರಿಸುತ್ತ, ಹಾಡುತ್ತ ಸಾಗುತ್ತಾರೆ. ಕೋಲಿನವನು ಒಂದು ಕಡೆ ಕುಳಿತು ಪೊರಕೆಯ ಹಿಡಿಯನ್ನು ಹಲಗೆಗೆ ಕುಟ್ಟಿ ತಾಳ ಹಾಕುತ್ತಾನೆ. ಅದು ಕುಣಿತವಲ್ಲ. ಒಂದು ಕಾಲು ಇನ್ನೊಂದನ್ನು ದಾಟಿದರೆ ಮಾತ್ರ ಕುಣಿತ, ಮತ್ತು ಕುಣಿತ ಪಾಪ. ಅದಕ್ಕೇ ಸುತ್ತಿನ ಹೊತ್ತಿನಲ್ಲಿ ಹಿರಿಯರ ಕಣ್ಣು ಎಲ್ಲರ ಪಾದಗಳ ಮೇಲಿರುತ್ತದೆ.

ಆಮೇಲೆ ಹುಳು ಬಂದು ದ್ವೀಪದ ಹತ್ತಿಯನ್ನೆಲ್ಲ ತಿಂದಿತು. ಮಿಂದಾಳ ಗಂಡ ಸವಾನ್ನಾದ ಹಡಗುಕಟ್ಟೆಗೆ ಹೋದವನು ಅಲ್ಲೇ ಉಳಿದ. ಕಾಡಿನಲ್ಲಿ ಮರ ಸಾಗಿಸುವ ರೈಲಿನ ಕೆಲಸಕ್ಕೆ ಹೋದ ರೆಂಟಿ ಸೊಂಟ ಮುರಿದುಕೊಂಡು ಬಂದ. ಬಲಗಾಲನ್ನು ಎಳೆದುಕೊಂಡೇ ನಡೆಯಬೇಕಾಯಿತು. ಆ ವರ್ಷವೇ ಉತ್ತರದಿಂದ ಬೇಟೆಗೆ ಬರುತ್ತಿದ್ದ ಸಾಹುಕಾರರೊಬ್ಬರು ಉಪ್ಪುಗಾಳಿಗೆ ಕೆಟ್ಟ ಪಿಯಾನೊವನ್ನು ದಡದಲ್ಲಿ ಎಸೆದು ಹೋದರು. ರೆಂಟಿ ಅದನ್ನು ಎರಡು ದೋಣಿ ಜೋಡಿಸಿ ಮನೆಗೆ ತಂದ. ಬೆರಳಿಡುವ ಅದರ ಕೀಲಿಗಳಲ್ಲಿ ಹನ್ನೊಂದು ಮೂಕವಾಗಿದ್ದವು. ಉಳಿದವು ಸಾಕಾಗಿದ್ದವು.

ಮಿಂದಾ ಶನಿವಾರ ಮಧ್ಯಾಹ್ನಗಳಲ್ಲಿ ಮಲೆಟ್ ಮೀನು ಹುರಿದಳು, ಏಡಿ ಅನ್ನ ಮಾಡಿದಳು. ಬಾಗಿಲು ತೆರೆದಿಟ್ಟಳು. ವಾರವೆಲ್ಲ ಸಿಂಪಿಯ ಚಿಪ್ಪಿಗೆ ಕೈ ಕೊಯ್ಯಿಸಿಕೊಂಡ ಹೆಂಗಸರು, ಟರ್ಪೆಂಟೈನ್ ಇಳಿಸುವ ಪೈನ್ ಕಾಡಿನಿಂದ ಅಂಟು ಮೈಯಲ್ಲೇ ಬಂದ ಗಂಡಸರು ತಿಂದರು, ನಕ್ಕರು, ಕುಣಿದರು. ರೆಂಟಿ ಸ್ಟೂಲಿನ ಮೇಲೆ ಕುಳಿತು ಬಾರಿಸಿದ. ಒಳ್ಳೆಯ ಕಾಲು ನೆಲದ ಹಲಗೆಗೆ ತಾಳ ಹಾಕುತ್ತಿತ್ತು.

ಡೀಕನ್ ಆಗಿ ಆಗಿನ್ನೂ ವರ್ಷವಾಗಿರದ ಪ್ರಿನ್ಸ್, ಒಂದು ಭಾನುವಾರ ಎಲ್ಲರೆದುರು ಎದ್ದು ನಿಂತು ಅದನ್ನು ಜೂಕ್ ಮನೆ ಎಂದು ಕರೆದ.

ಆ ಮಾತು ಎಲ್ಲರ ಮನೆಯಲ್ಲೂ ಇತ್ತು. ಸೊಪ್ಪಿನ ಮಡಿ ಕೆದರಿ ಹಾಕಿದ ಕೋಳಿ ಜೂಕ್. ಚುಕ್ಕಾಣಿಯ ಮಾತು ಕೇಳದ ದೋಣಿ ಜೂಕ್. ಹಿರಿಯರ ನಡುವೆ ಹೊರಳಾಡಿ ನಗುವ ಮಗು ಜೂಕ್. ಅಜ್ಜಿಯರು ಗದರಲೂ ಮುದ್ದಿಗೂ ಬಳಸುತ್ತಿದ್ದ ಮಾತು. ಪ್ರಿನ್ಸ್ ಅದರಿಂದ ಮುದ್ದನ್ನು ಕಿತ್ತುಹಾಕಿ ಉಳಿದದ್ದನ್ನು ಅವಳ ಮನೆಯ ಬಾಗಿಲಿಗೆ ಹೊಡೆದ. ಅಣ್ಣ ತಂಗಿ ಇಬ್ಬರನ್ನೂ ಹಿಂದಿನ ಬೆಂಚಿಗೆ ಹಾಕಲಾಯಿತು. ಹಿಂದಿನ ಬೆಂಚಿನವರು ಪ್ರಾರ್ಥನೆಗೆ ಬರಬಹುದು. ಹಾಡುವಂತಿಲ್ಲ, ಸುತ್ತಿನಲ್ಲಿ ಸೇರುವಂತಿಲ್ಲ, ಕೊನೆಯಲ್ಲಿ ಎಲ್ಲರೂ ಎಲ್ಲರ ಕೈ ಹಿಡಿಯುವಾಗ ಅವರ ಕೈ ಯಾರೂ ಹಿಡಿಯುವುದಿಲ್ಲ.

ರೆಂಟಿ ಹೋಗುವುದನ್ನೇ ಬಿಟ್ಟ. "ಕೈ ಸುಮ್ನೆ ಮಡಿಕ್ಕೊಂಡು ಕೂರೋಕೆ ನನ್ ಕೈಲಿ ಆಗಲ್ಲ ಕಣೇ," ಎಂದ. ಮಿಂದಾ ಮಾತ್ರ ಹತ್ತೊಂಬತ್ತು ವರ್ಷ ಒಂದು ಭಾನುವಾರವೂ ತಪ್ಪಿಸಲಿಲ್ಲ. ಬೆನ್ನಿಗೆ ಗೋಡೆ ತಾಗಿಸಿಕೊಂಡು, ತುಟಿ ಬಿಗಿದು, ಪ್ರಿನ್ಸ್‌ನ ಮುಖವನ್ನೇ ನೋಡುತ್ತ ಕುಳಿತಳು.

*

ಮಾರ್ಚಿನಲ್ಲಿ ಪೇಟೆಯಿಂದ ಒಬ್ಬ ಬಿಳಿಯ ಬಂದಿದ್ದ. ಕಾಲೇಜಿನವನಂತೆ. ಮೈಮೇಲೆ ಕೋಟು, ಕೈಯಲ್ಲಿ ನೋಟ್‌ಬುಕ್ಕು, ಕ್ಯಾಮೆರಾ. ಪ್ರಿನ್ಸ್ ಅವನಿಗೆ ಓಕ್ ಮರದ ಕೆಳಗೆ ಕುರ್ಚಿ ಹಾಕಿಸಿದ್ದ. ಸಿಂಪಿ ಬುಟ್ಟಿ ಹೊತ್ತು ದಾರಿಯಲ್ಲಿ ಹೋಗುತ್ತಿದ್ದ ಮಿಂದಾಳಿಗೆ ಕಂಡದ್ದು ಪ್ರಿನ್ಸ್‌ನ ಎದೆಯ ಮೇಲಿದ್ದ ಕೈ ಮಾತ್ರ. ಏನು ಮಾತಾಡಿದರೆಂದು ಅವಳು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಹೇಳಿದ್ದು ರೆಂಟಿ, ಅವನು ಸಾಯುವ ಎರಡು ದಿನ ಮೊದಲು.

ಆ ಮಂಗಳವಾರ ಅವನು ಎದೆಯ ಔಷಧಕ್ಕೆ ಪೇಟೆಗೆ ಹೋಗಿದ್ದ. ಔಷಧದಂಗಡಿಯಲ್ಲಿ ಕರಿಯರಿಗೆಂದಿದ್ದ ಹಿಂಬದಿಯ ಕಿಟಕಿಯಲ್ಲಿ ಕಾಯುತ್ತಿದ್ದಾಗ, ಮುಂದಿನ ಕೋಣೆಯಲ್ಲಿ ಐಸ್‌ಕ್ರೀಂ ತಿನ್ನುವ ಬಿಳಿಯರ ನಡುವೆ ಹೊಸದೊಂದು ಪೆಟ್ಟಿಗೆ ನಿಂತಿತ್ತು. ಆಳೆತ್ತರ, ಮೈತುಂಬ ಕೆಂಪು ಹಳದಿ ದೀಪ. ಒಬ್ಬ ಹುಡುಗಿ ಕಾಸು ಹಾಕಿದಳು. ಪೆಟ್ಟಿಗೆ ಹಾಡಿತು.

ಮನೆಗೆ ಬಂದವನು ಸೀಸೆಯ ಸುತ್ತಿನ ಪೇಪರು ಬಿಡಿಸಿ, ಓದಿ, ನಗತೊಡಗಿದ. ನಗು ಕೆಮ್ಮಾಯಿತು. ಮಿಂದಾ ಬೆನ್ನು ನೀವಿದಳು.

"ಏನಣ್ಣ ಅದು, ಸಾಯೋ ಹಂಗೆ ನಗ್ತಿದೀಯ?"

"ಆ ಪೆಟ್ಟಿಗೆಗೆ ಏನು ಹೆಸರಿಟ್ಟವ್ರೆ ಗೊತ್ತಾ? ಜೂಕ್ ಪೆಟ್ಟಿಗೆ!" ಕಣ್ಣೊರೆಸಿಕೊಂಡ. "ದೇಶಕ್ಕೆ ದೇಶವೇ ಹಂಗೆ ಕರೀತಾ ಐತಂತೆ. ಹೆಸರು ಎಲ್ಲಿಂದ ಬಂತು ಅಂತ ಹುಡುಕ್ಕೊಂಡು ಬಂದು, ಯಾರನ್ನ ಕೇಳವ್ರೆ ನೋಡು."

ಅವಳು ಪ್ರಿನ್ಸ್‌ನ ಮುಖ ನೋಡಿದಳು. "ಓದು."

ರೆಂಟಿ ಮಿಷನ್ ಶಾಲೆಯಲ್ಲಿ ಕಲಿತವನು. ಬೆರಳಿಟ್ಟು ಓದಿದ. ಈ ಮಾತು ಆಫ್ರಿಕದಿಂದ ತನ್ನ ಅಜ್ಜಂದಿರ ನಾಲಿಗೆಯಲ್ಲಿ ಬಂದದ್ದು, ಅದು ತಮ್ಮ ಜನರ ಸೊತ್ತು ಎಂದು ಹಿರಿಯ ಮಂಗಿನ್ ಹೆಮ್ಮೆಯಿಂದ ಹೇಳುತ್ತಾರೆ. ಹಿಂದೆ ದುಡಿದು ದಣಿದವರು ಸೇರಿ ಹಾಡಿ ಕುಣಿಯುತ್ತಿದ್ದ ಮನೆಗಳಿಗೆ ಈ ಹೆಸರಿತ್ತು. ಅಂಥ ಮನೆಗಳು ಈಗ ದ್ವೀಪದಲ್ಲಿ ಒಂದೂ ಉಳಿದಿಲ್ಲ.

"ಇನ್ನೊಂದ್ಸಲ ಓದು ಆ ಕೊನೇದು."

"ಒಂದೂ ಉಳಿದಿಲ್ಲ."

ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ಮಿಂದಾ ಏಳಲಿಲ್ಲ.

"ನಾನೂ ಒಂದು ಕಾಸು ಹಾಕೋಣ ಅಂತ ಕಿಟಕೀಲಿ ಕೈ ಚಾಚಿದೆ ಕಣೇ," ರೆಂಟಿ ಅಂದ. "ಆ ಹುಡ್ಗಿ ಕಾಸನ್ನ ಹಿಂದಕ್ಕೆ ತಳ್ಳಿದ್ಲು. ಅದು ಒಳಗಿನೋರಿಗೆ ಅಂದ್ಲು. ನಿಂತ್ಕೊಂಡು ಕೇಳೋಕೂ ಬುಡ್ಲಿಲ್ಲ." ಹಾಳೆಯನ್ನು ಮಡಿಲಲ್ಲಿ ಸವರಿ ಮಡಿಸಿದ. "ಆದ್ರೂ ಒಂದು ಹೇಳ್ತೀನಿ. ಪೆಟ್ಟಿಗೆಗೆ ಕಾಲಿಲ್ಲ. ತಾಳ ಯಾವುದ್ರಲ್ಲಿ ಹಾಕುತ್ತೆ ಅದು?"

ಗುರುವಾರ ಬೆಳಿಗ್ಗೆ ಅವನ ಬೆರಳುಗಳಿಂದ ಆ ಹಾಳೆಯನ್ನು ಬಿಡಿಸುವಾಗ ಅವಳಿಗೆ ಅಳು ಬರಲಿಲ್ಲ. ಸಿಟ್ಟು ಅಳುವಿನ ಜಾಗವನ್ನೆಲ್ಲ ಹಿಡಿದುಕೊಂಡಿತ್ತು.

*

ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆ ಮನೆಯ ಮುಂದೆ ಹಿರಿಯರು ಕುಳಿತರು. ದ್ವೀಪದ ಯಾವ ಜಗಳವೂ ಮೊದಲು ಇಲ್ಲಿಗೇ ಬರಬೇಕು. ಇದನ್ನು ಬಿಟ್ಟು ಪೇಟೆಯ ಕೋರ್ಟಿಗೆ ಹೋದವನ ಜೊತೆ ಯಾರೂ ಬಲೆ ಎಳೆಯುವುದಿಲ್ಲ, ದೋಣಿ ಹಂಚಿಕೊಳ್ಳುವುದಿಲ್ಲ. ಕುರ್ಚಿಯಲ್ಲಿ ಪ್ರಿನ್ಸ್, ಎರಡು ಬದಿಯ ಬೆಂಚಿನಲ್ಲಿ ನಾಲ್ವರು. ನೆರಳಿನಲ್ಲಿ ಊರಿನ ಅರ್ಧದಷ್ಟು ಜನ. ಬಾಗಿಲ ಬಳಿ ಊರಿಗೇ ಹಿರಿಯಜ್ಜಿ ಮಾಮ್ ಸಿಬ್ಬಿ ಆರಿದ ಪೈಪು ಕಚ್ಚಿಕೊಂಡು ಕುಳಿತಿದ್ದಳು. ಕಡಲ ಕಡೆಯಿಂದ ದೊಡ್ಡ ತುಪಾಕಿಗಳು ಹೊಡೆದು, ಗುಲಾಮರನ್ನು ಬಿಟ್ಟು ಒಡೆಯರು ಓಡಿಹೋದ ದಿನ ಅವಳಿಗೆ ಎಂಟು ವರ್ಷ. ಈಗ ಕಣ್ಣು ಮಂಜು. ಕಿವಿ ಚುರುಕು.

ಮಿಂದಾ ಬಿಳಿ ಬಟ್ಟೆ ಉಟ್ಟು ಬಂದಳು. ಹೆಸ್ಟರ್ ಹಿಂದಿನಿಂದ ಅವಳ ತೋಳು ಜಗ್ಗಿ ಪಿಸುಗುಟ್ಟಿದಳು: "ತಗ್ಗಿ ಮಾತಾಡು."

"ಬಾ, ಮಿಂದಾ," ಎಂದ ಪ್ರಿನ್ಸ್. ದನಿ ಮೃದುವಾಗಿಯೇ ಇತ್ತು. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. "ಬೇಡಿಕೊಳ್ಳೋದಿದ್ರೆ ಬೇಡ್ಕೋ, ಕೇಳ್ತೀವಿ. ಆ ಮನೆ ಬಾಗಿಲು ಹಾಕ್ತೀನಿ ಅಂತ ಇಲ್ಲಿ ಎಲ್ಲರ ಮುಂದೆ ಒಂದು ಮಾತು ಹೇಳಿದ್ರೆ..."

"ಬೇಡೋಕೆ ಬಂದಿಲ್ಲ. ದೂರು ತಂದಿದೀನಿ."

"ದೂರಾ? ಯಾರ ಮೇಲೆ?"

"ನಿಮ್ ಮೇಲೆ. ಕುರ್ಚಿ ಬಿಟ್ಟು ಏಳಿ ಡೀಕನ್ರೇ."

ನೆರಳಿನಲ್ಲಿ ಬೀಸಣಿಗೆಗಳು ನಿಂತವು. ದೂರು ಯಾರ ಮೇಲಿದೆಯೋ ಅವನು ಕುರ್ಚಿಯಲ್ಲಿ ಕೂರುವಂತಿಲ್ಲ. ಇದು ಪ್ರಿನ್ಸ್‌ನ ತಾತನ ಕಾಲದಿಂದ ನಡೆದುಬಂದದ್ದು. ಆದರೆ ಕುರ್ಚಿಯವನ ಮೇಲೆಯೇ ಯಾರೂ ಯಾವತ್ತೂ ದೂರು ತಂದಿರಲಿಲ್ಲ. ಬೆಂಚಿನ ಹಿರಿಯನೊಬ್ಬ ಸಿಡುಕಿದ: "ಹಿಂದಿನ ಬೆಂಚಿನೋಳಿಗೆ ಇಲ್ಲಿ ಬಾಯಿಲ್ಲ."

"ಯಾವನವ್ನು ಹಂಗಂದೋನು?" ಬಾಗಿಲ ಕಡೆಯಿಂದ ಸಿಬ್ಬಿ ಕೇಳಿದಳು. "ಸುತ್ತಿನಲ್ಲಿ ಬಾಯಿಲ್ಲ, ಸರಿ. ದೂರಿಗೂ ಬಾಯಿ ಹೊಲಿದ್ರೆ ಅವ್ಳು ಎಲ್ಲಿಗೋಗ್ಬೇಕು? ಸೇತುವೆ ದಾಟಿ ಆ ಕೋರ್ಟಿಗಾ? ನಮ್ ಹೊಲಸೆಲ್ಲ ಅವ್ರ ಮುಂದೆ ಒಗೀಬೇಕಾ?"

ಅದಕ್ಕಿಂತ ಕೆಟ್ಟದ್ದು ದ್ವೀಪದಲ್ಲಿ ಇನ್ನೊಂದಿಲ್ಲ. ಹಿರಿಯ ತಲೆ ತಗ್ಗಿಸಿದ. ಪ್ರಿನ್ಸ್ ಎದ್ದ. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ವಯಸ್ಸಾದವರು ಕೂರಬೇಕು. ಇಬ್ಬರು ಹೆಂಗಸರು ಸಿಬ್ಬಿಯನ್ನು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದರು. ಅವಳ ಕಾಲು ನೆಲಕ್ಕೆ ಎಟುಕಲಿಲ್ಲ.

"ಹೇಳು ಮಗಾ."

ಮಿಂದಾ ಹಾಳೆ ಬಿಚ್ಚಿದಳು. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಹತ್ತೊಂಬತ್ತು ವರ್ಷದ ಹಿಂದೆ ಇವ್ರು ನನ್ ಮನೇಗೆ ಒಂದು ಹೆಸರಿಟ್ರು. ಸೈತಾನನ ಮಾತು ಅಂದ್ರು. ಆ ಮಾತಿಂದಲೇ ನನ್ನನ್ನ, ನಮ್ಮಣ್ಣನ್ನ ಗೋಡೆಗೆ ಒತ್ತಿದ್ರು. ನಾನು ಸುಮ್ನಿದ್ದೆ. ಬಂದೆ, ಕೂತೆ. ಈಗ ಯಾವನೋ ಕೋಟಿನೋನು ಬಂದು ಅದೇ ಮಾತು ಕೇಳಿದ್ರೆ ಎದೆ ಮೇಲೆ ಕೈಯಿಟ್ಕೊಂಡು, ಇದು ನಮ್ ಅಜ್ಜಂದಿರ ಸೊತ್ತು ಅಂತಾರೆ. ನನ್ ಬಾಗಿಲಲ್ಲಿದ್ದಾಗ ಕೆಸರು, ಪೇಪರಿಗೆ ಹೋದಾಗ ಬಂಗಾರ. ಎರಡ್ರಲ್ಲಿ ಯಾವ್ದು ಸುಳ್ಳು ಅಂತ ಹೇಳ್ಲಿ."

"ಎರಡೂ ಸುಳ್ಳಲ್ಲ," ಎಂದ ಪ್ರಿನ್ಸ್. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಮಾತು ನಮ್ದು. ಕೆಟ್ಟದ್ದೂ ಹೌದು. ನಮ್ದಾದ ಮಾತ್ರಕ್ಕೆ ಎಲ್ಲಾ ಒಳ್ಳೇದು ಅಂತ ಯಾರಂದ್ರು? ಅದನ್ನ ಅವ್ರು ತಮ್ದು ಅಂತ ಹೊತ್ಕೊಂಡು ಹೋಗೋದನ್ನ ನೋಡ್ಕೊಂಡಿರ್ಬೇಕಿತ್ತಾ ನಾನು?"

ನೆರಳಿನಲ್ಲಿ ಕೆಲವರು ತಲೆಯಾಡಿಸಿದರು. ಮಾತಿನಲ್ಲಿ ತೂಕವಿತ್ತು, ಮಿಂದಾಳಿಗೂ ಅದು ತಿಳಿಯಿತು. ಅವಳು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಸರಿ. ಇದಕ್ಕೇನಂತೀರಿ? ಅಂಥ ಮನೆ ದ್ವೀಪದಲ್ಲಿ ಒಂದೂ ಉಳಿದಿಲ್ಲ. ಇಲ್ಲಿ ಕೂತೋರಲ್ಲಿ ಎಷ್ಟು ಜನ ಹೋದ ಶನಿವಾರ ನನ್ ಮನೇಲಿ ಮೀನು ತಿಂದ್ರಿ? ತಲೆ ಯಾಕೆ ತಗ್ಗಿಸ್ತೀರಿ? ಅಣ್ಣ ಅಲ್ಲೇ ಕೂತು ಬಾರಿಸ್ತಿದ್ದ. ಬದುಕಿದ್ದಾಗ್ಲೇ ಅವನನ್ನ ಪೇಪರಲ್ಲಿ ಹೂತಾಕಿದೆ ಪ್ರಿನ್ಸ್. ಸತ್ತ ಮೇಲೆ ಹೂಳಲ್ಲ ಅಂತೀಯ!"

ಡೀಕನ್ರೇ ಎನ್ನುವುದು ಬಿಟ್ಟುಹೋಗಿತ್ತು. ಯಾರೂ ತಿದ್ದಲಿಲ್ಲ.

ಪ್ರಿನ್ಸ್ ಟೋಪಿಯ ಅಂಚನ್ನು ಎರಡು ಸುತ್ತು ತಿರುಗಿಸಿದ. "ಅವ್ನು ಮನೆ ತೋರ್ಸು ಅಂದ. ಚಿತ್ರ ತೆಗೀತೀನಿ ಅಂದ. ನಿನ್ ಮನೆ ಚಿತ್ರ ಪೇಪರಲ್ಲಿ ಬಂದಿದ್ರೆ ಮಾರನೇ ದಿನ ಪೇಟೆ ಪೊಲೀಸು ಶೆರಿಫ್ ಬಂದು ಪಿಯಾನೊ ಒಡೆದು ರೆಂಟೀನ ಎಳ್ಕೊಂಡು ಹೋಗ್ತಿರ್ಲಿಲ್ವಾ? ಅದಕ್ಕೇ ಇಲ್ಲ ಅಂದೆ."

ಮಿಂದಾ ಹಾಳೆ ಹಿಡಿದ ಕೈ ಇಳಿಸಿದಳು. ಇದು ನಿಜವಿರಬಹುದು. ಅವನ ಮುಖದಲ್ಲಿ ಸುಳ್ಳಿನ ಗುರುತು ಕಾಣಲಿಲ್ಲ. ಹತ್ತೊಂಬತ್ತು ವರ್ಷ ಆ ಮುಖವನ್ನೇ ನೋಡಿದವಳು ಅವಳು.

"ಹಂಗಾದ್ರೆ ನಂಗೆ ಬಂದು ಯಾಕೆ ಹೇಳ್ಲಿಲ್ಲ?" ಎಂದಳು. "ಮಾರ್ಚಿಂದ ಜುಲೈವರೆಗೆ ಹದಿನೆಂಟು ಭಾನುವಾರ ನಿನ್ ಎದುರಿಗೆ ಕೂತಿದ್ದೆ. ಒಂದು ಮಾತು. ಅಣ್ಣಂಗೊಂದು ಮಾತು. ಅವ್ನು ಅದನ್ನ ಔಷಧಿ ಸೀಸೆ ಬಿಚ್ಚುವಾಗ ಓದ್ಬೇಕಿತ್ತಾ?"

ಪ್ರಿನ್ಸ್‌ನ ಕಣ್ಣು ಅವಳ ಕೈಯಲ್ಲಿದ್ದ ಹಾಳೆಯ ಮೇಲೆ ಇಳಿಯಿತು.

ಮಾಮ್ ಸಿಬ್ಬಿ ಪೈಪನ್ನು ಬಾಯಿಂದ ತೆಗೆದಳು. "ನಮ್ಮಜ್ಜಿ ಕಾಲ್ದಾಗೆ," ಎಂದಳು, ಯಾರಿಗೂ ಅಲ್ಲದಂತೆ, "ಒಡೆಯನಿಗೆ ಕೇಳ್ಬಾರ್ದು ಅಂತ ಬಾಗಿಲಲ್ಲಿ ದೊಡ್ಡ ಗಡಿಗೆ ಬೋರಲು ಹಾಕ್ತಿದ್ರು. ಸದ್ದೆಲ್ಲ ಗಡಿಗೇಲಿ ಬೀಳ್ಲಿ ಅಂತ. ಪ್ರಾರ್ಥನೆಗೂ ಅದೇ ಗಡಿಗೆ. ಪ್ರಾರ್ಥನೆ ಮುಗಿದ್ಮೇಲೆ ಹುಡುಗ್ರು ಕುಣಿದ್ರೆ ಅದಕ್ಕೂ ಅದೇ. ಎರಡು ಗಡಿಗೆ ತರೋಕೆ ಇರ್ಲಿಲ್ಲ ನಮ್ಮತ್ರ." ಪೈಪನ್ನು ಮೊಣಕಾಲಿಗೆ ತಟ್ಟಿದಳು. "ಇರ್ಲಿ. ಈಗಿನ ಕಟ್ಟಳೆ ಬೇರೆ. ಕಾಲು ಕಾಲನ್ನ ದಾಟಿದ್ರೆ ಪಾಪ. ದಾಟದಿದ್ರೆ ಇಲ್ಲ. ಹೌದಾ ಪ್ರಿನ್ಸ್?"

"ಹೌದು ಮಾಮ್."

"ರೆಂಟಿ ಕಾಲು ದಾಟಿದ್ದನ್ನ ಕಂಡೋರು ಯಾರಾದ್ರೂ ಇದ್ರೆ ಎದ್ದು ನಿಂತ್ಕೊಳ್ಳಿ."

ಯಾರೂ ಏಳಲಿಲ್ಲ. ಸೊಂಟ ಮುರಿದವನು ಹತ್ತೊಂಬತ್ತು ವರ್ಷ ಸ್ಟೂಲಿನ ಮೇಲೆ ಕುಳಿತಿದ್ದ. ಒಂದು ಕಾಲು ಎಳೆದದ್ದು, ಇನ್ನೊಂದು ಇದ್ದಲ್ಲೇ ಹಲಗೆಗೆ ಬಡಿದದ್ದು. ಇಷ್ಟು ವರ್ಷ ಎಲ್ಲರೂ ಅವನ ಕೈ ನೋಡಿದ್ದರು.

"ಕೂತಿದ್ದ, ತಾಳ ಹಾಕ್ದ," ಸಿಬ್ಬಿ ಅಂದಳು. "ಇಲ್ಲೂ ಅದನ್ನೇ ಮಾಡ್ತಿದ್ದ ಅವ್ನು. ಕೋಲು ಹೋಗಿ ಪಿಯಾನೊ ಬಂತು."

ಸಿಡುಕಿನ ಹಿರಿಯ ಬಿಡಲಿಲ್ಲ. "ಅವನ ತಾಳಕ್ಕೆ ಜನ ಕುಣಿದ್ರಲ್ಲ ಮಾಮ್?"

"ಅವ್ರು ಸತ್ತಾಗ ಅವ್ರ ಕಾಲನ್ನ ಕೇಳೋಣ. ನಿನ್ ಅಳಿಯನಿಂದಲೇ ಸುರು ಮಾಡೋಣ್ವಾ?"

ನೆರಳಿನಲ್ಲಿ ನಗು ಎದ್ದಿತು. ಅಳಿಯ ಮರದ ಹಿಂದಕ್ಕೆ ಸರಿದ. ಮಿಂದಾ ನಗಲಿಲ್ಲ.

"ನಿನ್ ಕಾಲು, ಮಗಾ?"

ಸುಳ್ಳು ಹೇಳಬಹುದಿತ್ತು. ಮುಂದಿನ ಬೆಂಚು ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ. "ದಾಟ್ಯವೆ ಮಾಮ್. ಎಷ್ಟೋ ಸಲ. ನಾಚಿಕೆಯೇನಿಲ್ಲ ನಂಗೆ."

"ಹಂಗಾದ್ರೆ ಹಿಂದಿನ ಬೆಂಚಲ್ಲೇ ಇರು. ರೆಂಟಿ ಅವರಮ್ಮನ ಪಕ್ಕ ಮಲಗ್ಲಿ." ಸಿಬ್ಬಿ ಮಂಜುಗಣ್ಣನ್ನು ಪ್ರಿನ್ಸ್‌ನ ದನಿಯಿದ್ದ ಕಡೆಗೆ ತಿರುಗಿಸಿದಳು. "ಇದ್ದ ಮನೇನ ಇಲ್ಲ ಅಂದೆ. ಯಾರಿಗೆ ಹೆದರಿ ಅಂದ್ಯೋ ನಿನ್ ದೇವ್ರಿಗೆ ಗೊತ್ತು. ಗುಂಡಿ ನೀನೇ ತೋಡು. ಮಣ್ಣು ಹಾಕೋ ಮುಂಚೆ ಇಬ್ರೂ ಕೈ ಹಿಡೀರಿ. ಹಿಡೀದಿದ್ರೆ ದೂರು ಮುಗಿಯಲ್ಲ, ಮುಗೀದ ದೂರಿನ ಮೇಲೆ ಹೆಣ ಇಳಿಸೋ ಹಂಗಿಲ್ಲ."

*

ಶನಿವಾರ ಬೆಳಿಗ್ಗೆ, ನೀರು ಇಳಿಯುವ ಹೊತ್ತಿಗೆ ಸರಿಯಾಗಿ ರೆಂಟಿಯನ್ನು ತಂದರು. ಗುಂಡಿಯನ್ನು ನೇರವಾಗಿ, ಆಳವಾಗಿ ತೋಡಲಾಗಿತ್ತು. ನಾಲ್ಕು ಶಂಖಗಳನ್ನು ಒಂದು ಬದಿಗೆ ಜೋಡಿಸಿಟ್ಟಿದ್ದ ಪ್ರಿನ್ಸ್. ಒಂದೂ ಒಡೆದಿರಲಿಲ್ಲ.

ಅವನು ಕೈ ಚಾಚಿದ. ಎಲ್ಲರೂ ನೋಡುತ್ತಿದ್ದರು. ಅವಳು ಆ ಕೈಯನ್ನು ನೋಡುತ್ತ ನಿಂತಳು. ಹತ್ತೊಂಬತ್ತು ವರ್ಷ ಇದು ಎಲ್ಲರ ಕೈಗಳ ಕಡೆ ಹೋಗಿ ಅವಳ ಹತ್ತಿರ ಬಂದಾಗ ಸರಿದುಹೋಗಿತ್ತು. ಈಗ ತಿರುಗಿ ನಡೆಯಬಹುದು. ನಡೆದರೆ ಅಣ್ಣ ಪೇಟೆಯ ಮರಳಿಗೆ.

ಹಿಡಿದಳು. ಅಂಗೈಯಲ್ಲಿ ಬೊಬ್ಬೆಗಳಿದ್ದವು, ಒಂದು ಒಡೆದು ಒದ್ದೆಯಾಗಿತ್ತು.

"ಆ ಮರದ ಮೇಲೆ ಅವ್ನು ಹಾಡಿದ್ದು ನಂಗೂ ನೆನಪೈತೆ," ಎಂದ ಪ್ರಿನ್ಸ್, ಅವಳಿಗೆ ಮಾತ್ರ ಕೇಳುವಂತೆ.

"ನೆನಪಿದ್ದೂ ಹಂಗೆ ಹೇಳಿ ಕಳಿಸ್ದೆ," ಎಂದಳು ಮಿಂದಾ, ಅಷ್ಟೇ ಮೆಲ್ಲಗೆ. ಕೈ ಬಿಟ್ಟಳು.

ಮಣ್ಣು ಬಿತ್ತು. ದಿಬ್ಬ ಎದ್ದ ಮೇಲೆ ಅವಳು ಬುಟ್ಟಿ ಬಿಚ್ಚಿ ಸತ್ತವನು ಕೊನೆಗೆ ಮುಟ್ಟಿದ್ದನ್ನೆಲ್ಲ ಅವನ ಮೇಲೆ ಇಟ್ಟಳು. ಸಾವಿನ ಸರಪಳಿ ಅಲ್ಲಿಗೇ ತುಂಡಾಗಲೆಂದು ಇಡುವ ಮುನ್ನ ಒಂದೊಂದನ್ನೂ ಒಡೆಯಬೇಕು. ಬಟ್ಟಲ ತಳ ತಟ್ಟಿ ತೂತು ಮಾಡಿದಳು. ಸೀಸೆಯ ಕುತ್ತಿಗೆ ಮುರಿದಳು. ಕನ್ನಡಕದ ಒಂದು ಗಾಜು ಕಿತ್ತಳು. ಪಿಯಾನೊದ ಮೂಕ ಕೀಲಿಗಳಲ್ಲಿ ಎರಡನ್ನು ತಂದಿದ್ದಳು, ಅವನ್ನು ದಿಬ್ಬದ ಎರಡು ತುದಿಗೆ ಚುಚ್ಚಿದಳು. ಕೊನೆಗೆ ಹಾಳೆ ತೆಗೆದು, ಅಂಚಿನಲ್ಲಿ ಒಂದಿಷ್ಟು ಹರಿದು, ಪ್ರಿನ್ಸ್‌ನ ಮುಖ ಮೇಲೆ ಮಾಡಿ ಬಿಡಿಸಿ, ಮೂಲೆಗಳಿಗೆ ಒಂದೊಂದರಂತೆ ನಾಲ್ಕು ಶಂಖ ಇಟ್ಟಳು.

ಪ್ರಿನ್ಸ್ ಒಂದು ಹೆಜ್ಜೆ ಮುಂದೆ ಬಂದ. ಅರುವತ್ತು ವರ್ಷದ ಬದುಕಿನಲ್ಲಿ ಅವನ ಚಿತ್ರ ತೆಗೆದದ್ದು ಅದೊಂದೇ ಸಲ. ಪೇಪರು ದ್ವೀಪಕ್ಕೆ ಬರುವುದಿಲ್ಲ. ಕೋಟಿನವನು ಕಳಿಸುತ್ತೇನೆಂದು ಹೇಳಿದ್ದು ಬಂದಿರಲಿಲ್ಲ.

"ಮಿಂದಾ, ಆ ಕಾಗದ ಮಾತ್ರ..."

"ಅವ್ನ ಕೈಲಿ ಕೊನೇಗೆ ಇದ್ದದ್ದು ಅದೇ."

ಗೋರಿಯ ಮೇಲಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದವನ ಮನೆಗೆ ಸತ್ತವನು ತನ್ನದನ್ನು ಕೇಳಿಕೊಂಡು ಬರುತ್ತಾನೆ. ಇದನ್ನು ಮಕ್ಕಳಿಗೆ ಹೇಳಿಕೊಡುವವನು ಪ್ರಿನ್ಸೇ. ಅವನು ನಿಂತ. ಟೋಪಿ ಹಾಕಿಕೊಂಡ.

ಸ್ಮಶಾನದಿಂದ ಹೊರಗೆ ಬರುವಾಗ ಹೆಸ್ಟರ್ ಅವಳ ಪಕ್ಕಕ್ಕೆ ಬಂದಳು. "ತಗ್ಗಿ ಮಾತಾಡು ಅಂದ್ರೆ ಕೇಳ್ಲಿಲ್ಲ ನೀನು."

"ಇಲ್ಲ."

"ಮತ್ತೆ... ಮುಂದಿನ ಶನಿವಾರ ಮೀನು?"

"ಹುರೀತೀನಿ. ಬಾರಿಸೋರು ಬೇಕು. ನಿನ್ ಮಗಳ ಗಂಡನಿಗೆ ಗಿಟಾರ್ ಬರುತ್ತೆ ಅಂದಿದ್ದೆಯಲ್ಲ, ಕರ್ಕೊಂಡು ಬಾ. ಕುಡುದು ಬಂದ್ರೆ ಒಳಗೆ ಬುಡಲ್ಲ ಅಂತ ಹೇಳು."

ಮರುದಿನ ಭಾನುವಾರ ಮಿಂದಾ ಹಿಂದಿನ ಬೆಂಚಿನಲ್ಲಿ, ಗೋಡೆಗೆ ಬೆನ್ನು ತಾಗಿಸಿ ಕುಳಿತಳು. ಕೊನೆಯಲ್ಲಿ ಎಲ್ಲರೂ ಎಲ್ಲರ ಕೈ ಹಿಡಿದರು. ಅವಳ ಕೈ ಮಡಿಲಲ್ಲೇ ಇತ್ತು. ಪ್ರಾರ್ಥನೆ ಮುಗಿದ ಮೇಲೆ ಡೀಕನ್ ಓಕ್ ಮರದ ಕಡೆಗೆ ಹೋದ, ರೆಂಟಿಯ ದಿಬ್ಬದ ಮುಂದೆ ತಲೆ ತಗ್ಗಿಸಿ ಬಹಳ ಹೊತ್ತು ನಿಂತ. ಸತ್ತವನಿಗಾಗಿ ಬೇಡುತ್ತಿದ್ದಾರೆಂದು ಜನ ಮೆಲ್ಲಗೆ ಮಾತಾಡಿಕೊಂಡು ಸರಿದುಹೋದರು. ಮುಂದಿನ ವಾರವೂ ನಿಂತ. ಅವನು ಏನು ನೋಡುತ್ತಿದ್ದಾನೆಂದು ಮಿಂದಾಳಿಗೆ ಗೊತ್ತಿತ್ತು. ಮಧ್ಯದಲ್ಲಿ ಎರಡು ಮಳೆ ಬಂದಿದ್ದವು, ಬಿಸಿಲೂ ಬಿಟ್ಟಿರಲಿಲ್ಲ. ಮೂರನೆಯ ಭಾನುವಾರ ಅವನು ನಿಂತಿದ್ದು ತಿರುಗಿ ಹೋದ ಮೇಲೆ ಅವಳೇ ಹೋಗಿ ನೋಡಿದಳು. ಹಾಳೆಯಲ್ಲಿದ್ದ ಅವನ ಮುಖ ಅಳಿಸಿಹೋಗಿತ್ತು. ಟೋಪಿ, ಎದೆಯ ಮೇಲಿನ ಕೈ ಇನ್ನೂ ಕಾಣುತ್ತಿದ್ದವು. ಗಾಳಿಗೆ ಒಂದು ಮೂಲೆಯ ಶಂಖ ಜರುಗಿತ್ತು. ಅವಳು ಬಗ್ಗಿ ಅದನ್ನು ಮತ್ತೆ ಕಾಗದದ ಮೇಲೆ ಸರಿಯಾಗಿ ಇಟ್ಟಳು.